ಗುಳ್ಳೆ ಹೋಗಬೇಕು, ನೀರು ಬರಬೇಕು: ಕುದಿಯುವ ತಳದ ಕಥೆ

ಗಾಜಿನ ಪಾತ್ರೆಯಲ್ಲಿ ನೀರು ಕುದಿಯಲು ಇಟ್ಟಾಗ ಒಮ್ಮೆ ತಳವನ್ನೇ ದಿಟ್ಟಿಸಿ ನೋಡಿ. ಗುಳ್ಳೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಅವಕ್ಕೆ ಗೊತ್ತಾದ ಒಂದಷ್ಟು ಜಾಗ ಇರುತ್ತದೆ. ಅಲ್ಲಿಂದಲೇ ಒಂದರ ಹಿಂದೆ ಒಂದು, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಮೇಲೇಳುತ್ತವೆ. ಪಾತ್ರೆ ತೊಳೆದು ಮತ್ತೆ ನೀರಿಟ್ಟರೂ ಹೆಚ್ಚುಕಡಿಮೆ ಅದೇ ಜಾಗದಿಂದಲೇ ಶುರು. ಪಾತ್ರೆ ಆರಿದ ಮೇಲೆ ಅಲ್ಲಿ ಬೆರಳಾಡಿಸಿದರೆ ಏನೂ ಸಿಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಇರುತ್ತದೆ, ಅಷ್ಟೇ.

(ನೀರು ಇನ್ನೂ ಬೆಚ್ಚಗಾಗುತ್ತಿರುವಾಗಲೇ ಗೋಡೆಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳನ್ನು ಇದಕ್ಕೆ ಸೇರಿಸಬೇಡಿ. ಅವು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ.)

ಗೀರೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದು ಮೈಕ್ರೊವೇವ್ ಬಳಸುವ ಕೆಲವರಿಗೆ ಗೊತ್ತಿರಬಹುದು. ನುಣುಪಾದ ಲೋಟದಲ್ಲಿ ನೀರು ಕಾಯಿಸಿದರೆ ಒಮ್ಮೊಮ್ಮೆ 100 ಡಿಗ್ರಿ ದಾಟಿದರೂ ಅದು ಕುದಿಯುವುದೇ ಇಲ್ಲ. ಏನೂ ಆಗದ ಹಾಗೆ ಸುಮ್ನೆ ಕೂತಿರುತ್ತದೆ. ಹೊರಗೆ ತೆಗೆದು ಚಮಚ ಅದ್ದಿದ ಕೂಡಲೇ ಭಗ್ಗನೆ ಉಕ್ಕಿ ಕೈ ಸುಡುತ್ತದೆ. ಆ ನೀರಿಗೆ ಕುದಿಯಲು ಬೇಕಾದ ಶಾಖವೆಲ್ಲ ಇತ್ತು. ಗುಳ್ಳೆ ಹುಟ್ಟಲು ಒಂದು ನೆಲೆ ಮಾತ್ರ ಇರಲಿಲ್ಲ.

ಅಂದರೆ ಕುದಿಯುವುದು ಬರೀ ನೀರಿನ ವಿಚಾರ ಅಲ್ಲ. ಅರ್ಧ ವಿಚಾರ ತಳದ್ದು. ಈ ತಳಕ್ಕೆ ಬೇಕೆಂದೇ ಸಣ್ಣ ಗುಂಡಿ, ಕಂಬ, ಕಾಲುವೆಗಳನ್ನು ಕೆತ್ತಿ, ಅದೇ ನೀರಿನಿಂದ ಎರಡು ಪಟ್ಟು, ಅದಕ್ಕೂ ಜಾಸ್ತಿ ಶಾಖ ಸಾಗಿಸುವ ಕೆಲಸ ಹಲವು ದಶಕಗಳಿಂದ ನಡೆದಿದೆ. ಕೆತ್ತನೆಯ ಅಳತೆ ಮೈಕ್ರೊಮೀಟರ್, ಅಂದರೆ ಒಂದು ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ತಲೆಗೂದಲು ಸುಮಾರು 70 ಮೈಕ್ರೊಮೀಟರ್ ದಪ್ಪ. ಇಲ್ಲಿನ ಕಂಬಗಳು ಎಷ್ಟೋ ಸಲ 10 ಮೈಕ್ರೊಮೀಟರ್.

ಇದನ್ನು ಕೇಳಿದವರೆಲ್ಲ ಮೊದಲು ಹೇಳುವ ಮಾತು ಒಂದೇ: "ಓ, ಮೇಲ್ಮೈ ವಿಸ್ತೀರ್ಣ ಜಾಸ್ತಿ ಆಗುತ್ತೆ, ಅದಕ್ಕೇ ಅಲ್ವಾ?" ಅಲ್ಲ. ವಿಸ್ತೀರ್ಣದ್ದು ಇಲ್ಲಿ ಸಣ್ಣ ಪಾತ್ರ. ನಿಜವಾದ ಜಗಳ ಬೇರೆ ಇದೆ. ಹೊರಟ ಆವಿಗೂ ಬರಬೇಕಾದ ನೀರಿಗೂ ಇರುವುದು ಒಂದೇ ದಾರಿ. ಆ ದಾರಿಯ ಜಗಳ ಬಿಡಿಸುವುದೇ ಈ ಕೆತ್ತನೆಯ ಕೆಲಸ.

ಸೆಕೆಂಡಿಗೆ ಒಂದು ಹನಿ

ಮೊದಲು ಕುದಿಸುವುದರ ಲಾಭ ಏನು ಅಂತ ನೋಡೋಣ. 1 ಕಿಲೊ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ತರಲು ಸುಮಾರು 314 ಕಿಲೊಜೂಲ್ ಶಾಖ ಸಾಕು. ಅದೇ ನೀರು 100 ಡಿಗ್ರಿಯಲ್ಲೇ ಇದ್ದುಕೊಂಡು ಪೂರ್ತಿ ಆವಿಯಾಗಲು 2257 ಕಿಲೊಜೂಲ್ ಬೇಕು. ಸುಮಾರು ಏಳು ಪಟ್ಟು. ತಾನು ಒಂದು ಡಿಗ್ರಿಯೂ ಬಿಸಿಯಾಗದೆ ಇಷ್ಟು ಶಾಖ ನುಂಗಿಕೊಳ್ಳುವ ಇನ್ನೊಂದು ಅಗ್ಗದ ದಾರಿ ಸಿಗುವುದು ಕಷ್ಟ. ಹಾಗಾಗಿ ವಿದ್ಯುತ್ ಸ್ಥಾವರದ ಬಾಯ್ಲರ್, ಅಣು ರಿಯಾಕ್ಟರ್, ದೊಡ್ಡ ಕಟ್ಟಡಗಳ ಏಸಿ ಯಂತ್ರ, ಲ್ಯಾಪ್‌ಟಾಪ್ ಒಳಗಿನ ಹೀಟ್ ಪೈಪ್ ಎಲ್ಲವೂ ದ್ರವ ಆವಿಯಾಗುವುದನ್ನೇ ನಂಬಿಕೊಂಡಿವೆ.

ಈಗ ಬೆರಳಿನ ಉಗುರಿನಷ್ಟು ಜಾಗ ತೆಗೆದುಕೊಳ್ಳಿ, ಒಂದು ಚದರ ಸೆಂಟಿಮೀಟರ್. ಅದರ ಮೂಲಕ 110 ವ್ಯಾಟ್ ಶಾಖ ನೀರಿಗೆ ಹೋಗುತ್ತಿದೆ ಅನ್ನಿ. ಈ 110 ಅನ್ನುವ ಅಂಕಿ ಸುಮ್ನೆ ಆರಿಸಿದ್ದಲ್ಲ, ಆಮೇಲೆ ಅದಕ್ಕೇ ಬರುತ್ತೇನೆ. ಲೆಕ್ಕ ಹಾಕಿದರೆ ಆ ಉಗುರಗಲದ ಜಾಗದಲ್ಲಿ ಸೆಕೆಂಡಿಗೆ 0.05 ಗ್ರಾಂ ನೀರು ಆವಿಯಾಗುತ್ತದೆ. ಅಂದರೆ ಹೆಚ್ಚುಕಡಿಮೆ ಒಂದು ಹನಿ. ಅಷ್ಟೇನಾ ಅನಿಸಬಹುದು. ಆದರೆ ಆವಿಯಾದ ನೀರು 1600 ಪಟ್ಟು ಹಿಗ್ಗುತ್ತದೆ. ಆ ಒಂದು ಹನಿಯಿಂದ 80 ಘನ ಸೆಂಟಿಮೀಟರ್ ಆವಿ ಹೊರಡುತ್ತದೆ. ಉಗುರಗಲದ ಜಾಗದಿಂದ ಸೆಕೆಂಡಿಗೆ 80 ಸೆಂಟಿಮೀಟರ್ ಎತ್ತರದ ಆವಿಯ ಕಂಬ ಏಳುತ್ತಿದೆ. ಅದೇ ಹೊತ್ತಿಗೆ, ಅದೇ ಜಾಗಕ್ಕೆ, ಮೇಲಿನಿಂದ ಇನ್ನೊಂದು ಹನಿ ಇಳಿದು ಬರಬೇಕು.

ಒಂದೇ ಬಾಗಿಲಿನ ಬಸ್ಸು ನೆನಪಿಸಿಕೊಳ್ಳಿ. ಇಳಿಯುವವರು ನುಗ್ಗುತ್ತಿದ್ದಾರೆ, ಹತ್ತುವವರೂ ನುಗ್ಗುತ್ತಿದ್ದಾರೆ. ಜನ ಕಡಿಮೆ ಇದ್ದಾಗ ಹೇಗೋ ನಡೆಯುತ್ತದೆ. ಒಂದು ಹಂತ ದಾಟಿದರೆ ಬಾಗಿಲೇ ಕಟ್ಟಿಹೋಗುತ್ತದೆ.

ನುಕಿಯಾಮಾ ಅವರ ತಂತಿ

ಈ ಹಂತವನ್ನು ಅಳೆದು ತೋರಿಸಿದವರು ಜಪಾನಿನ ಶಿರೋ ನುಕಿಯಾಮಾ. 1934ರಲ್ಲಿ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ಅವರು ಮಾಡಿದ ಪ್ರಯೋಗ ತುಂಬಾ ಸರಳ. ಒಂದು ತೆಳು ಲೋಹದ ತಂತಿ, ಅದನ್ನು ನೀರಿನಲ್ಲಿ ಮುಳುಗಿಸಿ ವಿದ್ಯುತ್ ಹರಿಸುವುದು. ಎಷ್ಟು ಶಾಖ ಹೊರಡುತ್ತಿದೆ ಅನ್ನುವುದು ವಿದ್ಯುತ್ತಿನಿಂದ ಗೊತ್ತಾಗುತ್ತದೆ. ತಂತಿ ಎಷ್ಟು ಬಿಸಿ ಅನ್ನುವುದು ಅದರ ವಿದ್ಯುತ್ ರೋಧ ಬದಲಾಗುವುದರಿಂದ ಗೊತ್ತಾಗುತ್ತದೆ. ಒಂದೇ ತಂತಿ, ಹೀಟರೂ ಅದೇ, ಥರ್ಮಾಮೀಟರೂ ಅದೇ. ನನಗೆ ತುಂಬಾ ಇಷ್ಟವಾದ ಪ್ರಯೋಗಗಳಲ್ಲಿ ಇದೂ ಒಂದು.

ವಿದ್ಯುತ್ ಏರಿಸುತ್ತಾ ಹೋದಾಗ ಆಗುವುದು ಹೀಗೆ. ತಂತಿಯ ಬಿಸಿ 100 ಡಿಗ್ರಿಗಿಂತ ಐದಾರು ಡಿಗ್ರಿ ಮೇಲೆ ಹೋದಾಗ ಗುಳ್ಳೆ ಶುರುವಾಗುತ್ತವೆ. ಅಲ್ಲಿಂದ ಮುಂದೆ ಒಂದೊಂದು ಡಿಗ್ರಿಗೂ ಶಾಖ ಧಾರಾಳವಾಗಿ ಹೊರಡುತ್ತದೆ. 100ರ ಮೇಲೆ 30 ಡಿಗ್ರಿಯ ಆಸುಪಾಸಿನಲ್ಲಿ ಶಾಖ ತುತ್ತತುದಿ ಮುಟ್ಟುತ್ತದೆ. ಮಾಮೂಲು ಒತ್ತಡದಲ್ಲಿ ನೀರಿಗೆ ಆ ತುದಿ ಚದರ ಸೆಂಟಿಮೀಟರಿಗೆ ಸುಮಾರು 110 ವ್ಯಾಟ್. ಆಗಲೇ ಹೇಳಿದ ಅಂಕಿ ಇದೇ.

ಆ ತುದಿಯ ಮೇಲೆ ಇನ್ನೊಂಚೂರು ವಿದ್ಯುತ್ ಕೊಟ್ಟರೆ? ಗುಳ್ಳೆಗಳು ಒಂದಕ್ಕೊಂದು ಕೂಡಿಕೊಂಡು ತಂತಿಯ ಸುತ್ತ ಆವಿಯ ಹೊದಿಕೆಯೇ ಕಟ್ಟಿಕೊಳ್ಳುತ್ತದೆ. ನೀರು ತಂತಿಯನ್ನು ಮುಟ್ಟುವುದೇ ಇಲ್ಲ. ಆವಿ ಶಾಖ ಸಾಗಿಸುವುದರಲ್ಲಿ ಬಲು ಸೋಮಾರಿ. ಬಂದ ಶಾಖಕ್ಕೆ ಹೋಗಲು ದಾರಿಯಿಲ್ಲದೆ ತಂತಿಯ ಬಿಸಿ ಕ್ಷಣದಲ್ಲಿ ಸಾವಿರ ಡಿಗ್ರಿಯ ಕಡೆಗೆ ಜಿಗಿಯುತ್ತದೆ. ನಿಕ್ರೋಮ್ ತಂತಿ ಕರಗಿ ತುಂಡಾಗುತ್ತದೆ. ಪ್ಲಾಟಿನಂ ಕರಗುವುದು 1768 ಡಿಗ್ರಿಯಲ್ಲಿ, ಹಾಗಾಗಿ ಅದು ಕೆಂಪಗೆ ಕಾದು ಹೊಳೆಯುತ್ತಾ ನೀರಿನೊಳಗೇ ಬದುಕಿಕೊಳ್ಳುತ್ತದೆ.

ಈ ತುದಿಗೆ ಎಂಜಿನಿಯರುಗಳು ಕ್ರಿಟಿಕಲ್ ಹೀಟ್ ಫ್ಲಕ್ಸ್ ಅನ್ನುತ್ತಾರೆ. ಬಾಯಿಗೆ ಸುಲಭವಾಗಿ ಸಿಎಚ್‌ಎಫ್. ಒಲೆಯ ಮೇಲೆ ನೀರು ಕುದಿಸುವವರು ಹೆದರಬೇಕಿಲ್ಲ. 2000 ವ್ಯಾಟಿನ ಒಲೆಯ ಶಾಖವೆಲ್ಲ 18 ಸೆಂಟಿಮೀಟರ್ ಅಗಲದ ತಳಕ್ಕೆ ಹೋದರೂ ಚದರ ಸೆಂಟಿಮೀಟರಿಗೆ 8 ವ್ಯಾಟ್ ಮಾತ್ರ. ಆದರೆ ರಿಯಾಕ್ಟರಿನ ಇಂಧನ ಕಡ್ಡಿಗೆ ಇದು ಜೀವನ್ಮರಣದ ಗೆರೆ. ಅದರ ಲೋಹದ ಕವಚ ಒಂದೇ ಕ್ಷಣದಲ್ಲಿ ನೂರಾರು ಡಿಗ್ರಿ ಜಿಗಿದರೆ ಕವಚ ಹಾಳು. ಹಾಗಾಗಿ ರಿಯಾಕ್ಟರುಗಳನ್ನು ಈ ಗೆರೆಯಿಂದ ಸಾಕಷ್ಟು ಕೆಳಗೇ ನಡೆಸುತ್ತಾರೆ. ಗೆರೆಯನ್ನೇ ಮೇಲಕ್ಕೆ ಸರಿಸಿದರೆ ಅದೇ ಯಂತ್ರ ಇನ್ನೂ ಸುರಕ್ಷಿತ, ಇಲ್ಲವೇ ಅದೇ ಸುರಕ್ಷತೆಯಲ್ಲಿ ಜಾಸ್ತಿ ಕೆಲಸ.

ಇಲ್ಲಿ ಒಂದು ಗೊಂದಲ ಬಿಡಿಸಿಕೊಳ್ಳಬೇಕು, ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕುದಿಯುವುದನ್ನು "ಸುಧಾರಿಸುವುದು" ಅಂದರೆ ಎರಡು ಬೇರೆ ಬೇರೆ ಕೆಲಸ. ಒಂದು, ತುದಿಯನ್ನು ಎತ್ತುವುದು. 110 ಇದ್ದದ್ದನ್ನು 200 ಮಾಡುವುದು. ಇನ್ನೊಂದು, ಅಷ್ಟೇ ಶಾಖವನ್ನು ಕಡಿಮೆ ಬಿಸಿಯಲ್ಲೇ ಕಳಿಸುವುದು. ಲೋಹ 20 ಡಿಗ್ರಿ ಮೇಲೆ ಹೋಗಬೇಕಾದ ಕಡೆ 5 ಡಿಗ್ರಿಗೇ ಕೆಲಸ ಮುಗಿಸುವುದು. ಮೊದಲನೆಯದಕ್ಕೆ ನೀರು ವಾಪಸ್ ಬರಬೇಕು. ಎರಡನೆಯದಕ್ಕೆ ಗುಳ್ಳೆ ಸುಲಭವಾಗಿ ಹುಟ್ಟಬೇಕು. ಈ ಎರಡೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ ಅನ್ನುವುದೇ ತಾಪತ್ರಯ.

ಒಂದು ಗುಳ್ಳೆಯ ಬದುಕು

ಬಲೂನು ಊದುವಾಗ ಮೊದಲ ಉಸಿರೇ ಕಷ್ಟ. ಆಮೇಲೆ ಸಲೀಸು. ಗುಳ್ಳೆಯದೂ ಅದೇ ಪಾಡು. ನೀರಿನ ಮೇಲ್ಮೈ ಎಳೆತ ಗುಳ್ಳೆಯನ್ನು ಸುತ್ತಲಿನಿಂದ ಹಿಸುಕುತ್ತಿರುತ್ತದೆ. ಗುಳ್ಳೆ ಸಣ್ಣದಾದಷ್ಟೂ ಹಿಸುಕು ಜೋರು. ಅದನ್ನು ತಡೆದು ನಿಲ್ಲಲು ಒಳಗಿನ ಆವಿಯ ಒತ್ತಡ ಜಾಸ್ತಿ ಇರಬೇಕು. ಒತ್ತಡ ಜಾಸ್ತಿ ಇರಬೇಕಾದರೆ ಬಿಸಿ ಜಾಸ್ತಿ ಇರಬೇಕು. ಶೂನ್ಯದಿಂದ, ಏನೂ ಆಸರೆಯಿಲ್ಲದೆ, ನೀರಿನ ನಡುವೆ ಗುಳ್ಳೆ ಹುಟ್ಟಬೇಕೆಂದರೆ ನೀರು ಸುಮಾರು 300 ಡಿಗ್ರಿವರೆಗೂ ಕಾಯಬೇಕಾಗುತ್ತದೆ.

ನಿಜದಲ್ಲಿ ಹಾಗಾಗುವುದಿಲ್ಲ. ಗೀರಿನೊಳಗೆ ಒಂದು ಚೂರು ಗಾಳಿಯೋ ಆವಿಯೋ ಮೊದಲೇ ಸಿಕ್ಕಿಕೊಂಡಿರುತ್ತದೆ. ಗುಳ್ಳೆ ಶೂನ್ಯದಿಂದ ಶುರು ಮಾಡಬೇಕಿಲ್ಲ, ಗೀರಿನ ಬಾಯಿಯಷ್ಟು ಗಾತ್ರದಿಂದ ಶುರು ಮಾಡಿದರೆ ಸಾಕು. ನೀರಿನ ಗುಣಗಳನ್ನು ಹಾಕಿ ಲೆಕ್ಕ ಮಾಡಿದರೆ 13 ಮೈಕ್ರೊಮೀಟರ್ ಅಗಲದ ಬಾಯಿ 5 ಡಿಗ್ರಿ ಹೆಚ್ಚುವರಿ ಬಿಸಿಗೆ ಎಚ್ಚರಾಗುತ್ತದೆ. ಅದರ ಅರ್ಧದಷ್ಟು ಅಗಲ ಇದ್ದರೆ 10 ಡಿಗ್ರಿ ಬೇಕು. ಮೈಕ್ರೊಮೀಟರ್ ಅಳತೆಯ ಕೆತ್ತನೆಗೆ ಬೆಲೆ ಬಂದದ್ದು ಇಲ್ಲಿಂದ. ಯಾರೋ ಸಣ್ಣದು ಚಂದ ಅಂತ ಆರಿಸಿದ ಅಳತೆ ಅಲ್ಲ ಅದು.

ಎಚ್ಚರಾದ ಗುಳ್ಳೆ ಗುಂಡಿಯ ಬಾಯಿಂದ ತಲೆ ಹೊರಗೆ ಹಾಕಿ, ಬೋರಲು ಹಾಕಿದ ಬಟ್ಟಲಿನ ಹಾಗೆ ತಳದ ಮೇಲೆ ಹರಡುತ್ತದೆ. ಅದರ ಕೆಳಗೆ ಕೆಲವೇ ಮೈಕ್ರೊಮೀಟರ್ ದಪ್ಪದ ನೀರಿನ ಪೊರೆ ಸಿಕ್ಕಿಹಾಕಿಕೊಳ್ಳುತ್ತದೆ. ಇಷ್ಟು ತೆಳುವಾದ ಪೊರೆ ಬಹಳ ಬೇಗ ಆವಿಯಾಗಿ ಗುಳ್ಳೆಯನ್ನು ಇನ್ನಷ್ಟು ಉಬ್ಬಿಸುತ್ತದೆ. ನಡುವೆ ಒಂದು ಒಣ ಮಚ್ಚೆ ಬೀಳುತ್ತದೆ. ಗುಳ್ಳೆ ಎರಡು ಮೂರು ಮಿಲಿಮೀಟರ್ ಆಗುವ ಹೊತ್ತಿಗೆ ಅದರ ತೇಲುವ ಬಲ ಹಿಡಿತವನ್ನು ಮೀರುತ್ತದೆ. ಕತ್ತು ಕಿರಿದಾಗಿ ಕಳಚಿಕೊಂಡು ಮೇಲೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಸುತ್ತಲಿನ ನೀರು ನುಗ್ಗುತ್ತದೆ, ಮಚ್ಚೆ ನೆನೆಯುತ್ತದೆ. ಗುಂಡಿಯೊಳಗೆ ಮಾತ್ರ ಒಂಚೂರು ಆವಿ ಉಳಿದಿರುತ್ತದೆ, ಮುಂದಿನ ಬೆಳೆಗೆ ಬೀಜ ಎತ್ತಿಟ್ಟ ಹಾಗೆ. ಇದೆಲ್ಲ ಒಂದು ಸೆಕೆಂಡಿನಲ್ಲಿ ಹತ್ತಾರು ಸಲ ನಡೆಯುತ್ತದೆ.

ಹಾಗಾದರೆ ತಳವನ್ನು ಉಜ್ಜಿ ಒರಟು ಮಾಡಿದರೆ ಮುಗೀತಲ್ವಾ? 1931ರಲ್ಲಿ ಜರ್ಮನಿಯಲ್ಲಿ ಯಾಕೋಬ್ ಮತ್ತು ಫ್ರಿಟ್ಸ್ ಅನ್ನುವ ಇಬ್ಬರು ಇದನ್ನೇ ಮಾಡಿ ನೋಡಿದ್ದರು. ಮೊದಲಿಗೆ ಚೆನ್ನಾಗಿ ಕುದಿಯಿತು. ಕುದಿಸುತ್ತಾ ಹೋದ ಹಾಗೆ ಲಾಭ ಕರಗಿಹೋಯಿತು. ಗುಂಡಿಗಳಲ್ಲಿ ಸಿಕ್ಕಿಕೊಂಡಿದ್ದ ಗಾಳಿ ಸ್ವಲ್ಪ ಸ್ವಲ್ಪವೇ ಹೊರಟುಹೋಗಿ, ನೀರು ತುಂಬಿಕೊಂಡು, ಗುಂಡಿಗಳು ಸತ್ತುಹೋದವು. ಬಾಯಿ ಅಗಲವಾದ ಗುಂಡಿಯಲ್ಲಿ ಬೀಜ ಉಳಿಯುವುದಿಲ್ಲ.

ಉತ್ತರ ನೀರು ತರುವ ಕೊಡದ ಆಕಾರದಲ್ಲೇ ಇದೆ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಇಂಥ ಗುಂಡಿಯೊಳಗೆ ನೀರು ನುಗ್ಗಲು ಹೋದರೆ ಮೇಲ್ಮೈ ಎಳೆತವೇ ಅದನ್ನು ಹೊರಗೆ ತಳ್ಳುತ್ತದೆ. ಗ್ರಿಫಿತ್ ಮತ್ತು ವಾಲಿಸ್ ಎಂಬುವರು 1960ರಲ್ಲಿ ಗುಂಡಿಯ ಆಕಾರಕ್ಕೂ ಅದು ಎಷ್ಟು ಗಟ್ಟಿಯಾಗಿ ಬದುಕುತ್ತದೆ ಅನ್ನುವುದಕ್ಕೂ ಇರುವ ನಂಟನ್ನು ಬಿಡಿಸಿಟ್ಟರು. 1968ರಲ್ಲಿ ಯೂನಿಯನ್ ಕಾರ್ಬೈಡ್ ಕಂಪನಿಯ ಮಿಲ್ಟನ್ ಅವರ ಪೇಟೆಂಟ್ ಬಂತು: ಲೋಹದ ಪುಡಿಯನ್ನು ಕೊಳವೆಯ ಮೈಗೆ ಸುಟ್ಟು ಅಂಟಿಸಿ ಸ್ಪಂಜಿನಂಥ ಪದರ ಮಾಡುವುದು. ಆಮೇಲೆ ಬಂದ ಕೊಳವೆಗಳಲ್ಲಿ ಮೈಮೇಲೆ ಸಣ್ಣ ಏಣುಗಳನ್ನು ಎಬ್ಬಿಸಿ, ಅವುಗಳ ತುದಿ ಬಗ್ಗಿಸಿ, ಚರ್ಮದ ಕೆಳಗೆ ಸುರಂಗ ಮಾಡಿಬಿಟ್ಟರು. ಮೇಲೆ ಅಲ್ಲಲ್ಲಿ ರಂಧ್ರ. ಸುರಂಗದಲ್ಲಿ ಯಾವಾಗಲೂ ಆವಿ ಇರುತ್ತದೆ. ಕೆಲವು ರಂಧ್ರಗಳಿಂದ ಆವಿ ಉಗುಳುತ್ತದೆ, ಇನ್ನು ಕೆಲವು ನೀರನ್ನು ಒಳಗೆಳೆದುಕೊಳ್ಳುತ್ತವೆ. ದೊಡ್ಡ ಏಸಿ ಯಂತ್ರಗಳೊಳಗೆ ಇಂಥ ಕೊಳವೆಗಳು ಇವತ್ತು ಮಾಮೂಲು. ಹೊಸ ಸಂಶೋಧನೆಯ ಸುದ್ದಿಗಳನ್ನು ಓದುವಾಗ ಇದನ್ನು ಮರೆಯಬಾರದು. ಕೆತ್ತಿದ ಮೇಲ್ಮೈ ಹೊಸದೇನಲ್ಲ, ಅದು ಕಾರ್ಖಾನೆಯಲ್ಲಿ ಅರ್ಧ ಶತಮಾನದಿಂದ ದುಡಿಯುತ್ತಿದೆ.

ಸೂತ್ರದಲ್ಲಿ ತಳವೇ ಇರಲಿಲ್ಲ

ಮೇಲೆ ಹೇಳಿದ್ದೆಲ್ಲ ಎರಡನೇ ಕೆಲಸದ ಕಥೆ, ಕಡಿಮೆ ಬಿಸಿಯಲ್ಲಿ ಕುದಿಸುವುದು. ತುದಿ ಎತ್ತುವ ಕಥೆ ಇನ್ನೂ ಸ್ವಾರಸ್ಯ.

1959ರಲ್ಲಿ ನೋವಾಕ್ ಜೂಬರ್ ಸಿಎಚ್‌ಎಫ್‌ಗೆ ಒಂದು ಚೊಕ್ಕ ವಿವರಣೆ ಕೊಟ್ಟರು. ಅದಕ್ಕೂ ಮೊದಲು 1948ರಲ್ಲಿ ಸೋವಿಯತ್ ದೇಶದ ಕುತಾತೆಲಾಡ್ಜೆ ಬೇರೆ ದಾರಿಯಿಂದ ಅದೇ ಬಗೆಯ ಸೂತ್ರಕ್ಕೆ ಬಂದಿದ್ದರು. ಜೂಬರ್ ಹೇಳಿದ್ದು ಇಷ್ಟು: ಆವಿ ಕಂಬಗಳಾಗಿ ಮೇಲೇಳುತ್ತದೆ, ಕಂಬಗಳ ನಡುವಿನಿಂದ ನೀರು ಇಳಿಯುತ್ತದೆ. ಆವಿಯ ವೇಗ ಒಂದು ಮಿತಿ ದಾಟಿದರೆ ಕಂಬಗಳ ಅಂಚು ಅಲೆಯಲೆಯಾಗಿ ಕದಡಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ನೀರಿನ ದಾರಿ ಮುಚ್ಚಿಹೋಗುತ್ತದೆ. ಈ ಸೂತ್ರದಲ್ಲಿ ನೀರಿನ ಸಾಂದ್ರತೆ ಇದೆ, ಆವಿಯ ಸಾಂದ್ರತೆ ಇದೆ, ಮೇಲ್ಮೈ ಎಳೆತ, ಗುರುತ್ವ ಎಲ್ಲ ಇವೆ. ತಳ ಎಂಥದ್ದು ಅನ್ನುವುದಕ್ಕೆ ಒಂದು ಅಕ್ಷರವೂ ಇಲ್ಲ. ನುಣುಪು ತಾಮ್ರವೋ ಒರಟು ಕಬ್ಬಿಣವೋ, ತುದಿ ಒಂದೇ ಅಂತ ಅರ್ಥ.

1962ರಲ್ಲಿ ಬೆರೆನ್ಸನ್ ತಾಮ್ರದ ಮೇಲೆ ಪೆಂಟೇನ್ ಅನ್ನುವ ದ್ರವ ಕುದಿಸಿ ನೋಡಿದಾಗಲೂ ಹಾಗೆಯೇ ಕಂಡಿತು. ತಳ ಒರಟು ಮಾಡಿದರೆ ಗುಳ್ಳೆ ಏಳುವುದು ಐದಾರು ಪಟ್ಟು ಸಲೀಸು, ತುದಿ ಮಾತ್ರ ಹೆಚ್ಚೇನೂ ಅಲ್ಲಾಡಲಿಲ್ಲ. ಹಾಗಾಗಿ ಬಹಳ ಕಾಲ ಜೂಬರ್ ಸೂತ್ರವೇ ಕೊನೆ ಮಾತು ಅನ್ನುವ ಹಾಗಿತ್ತು.

ಆಮೇಲೆ ಒಂದು ತಮಾಷೆ ನಡೆಯಿತು. 2003ರಲ್ಲಿ ಅಮೆರಿಕದ ಒಂದು ತಂಡ ನೀರಿಗೆ ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡಿನ) ಅತಿ ಸಣ್ಣ ಕಣಗಳನ್ನು ಒಂಚೂರು ಬೆರೆಸಿ, ಕಡಿಮೆ ಒತ್ತಡದಲ್ಲಿ ಕುದಿಸಿತು. ತುದಿ ಸುಮಾರು ಮೂರು ಪಟ್ಟು ಏರಿತು. ನ್ಯಾನೊ ಕಣ ಬೆರೆಸಿದ ದ್ರವಕ್ಕೆ ಏನೋ ಮಾಯಾಶಕ್ತಿ ಇದೆ ಅಂತ ಜನ ಮುಗಿಬಿದ್ದರು. ಕೆಲವು ವರ್ಷಗಳ ನಂತರ ಅಮೆರಿಕದ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯವರು ಮತ್ತು ಬೇರೆಯವರು ಪ್ರಯೋಗ ಮುಗಿದ ಮೇಲೆ ಹೀಟರನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕಣಗಳೆಲ್ಲ ಕುದಿಯುವಾಗ ತಳಕ್ಕೆ ಅಂಟಿ ರಂಧ್ರ ರಂಧ್ರವಾದ ಪದರ ಕಟ್ಟಿದ್ದವು. ನೀರು ಆ ಪದರದ ಮೇಲೆ ಹನಿಯಾಗಿ ನಿಲ್ಲುತ್ತಿರಲಿಲ್ಲ, ಸರ್ರನೆ ಹರಡಿಕೊಳ್ಳುತ್ತಿತ್ತು. ಕೆಲಸ ಮಾಡಿದ್ದು ದ್ರವ ಅಲ್ಲ, ತಳ! ಯಾರೂ ಕೆತ್ತದೆ ತಾನಾಗೇ ಆದ ಕೆತ್ತನೆ.

ಬಸ್ಸಿಗೆ ಎರಡನೇ ಬಾಗಿಲು

ಒಣ ಬಟ್ಟೆಯ ಅಂಚನ್ನು ನೀರಿಗೆ ತಾಗಿಸಿ. ನೀರು ತಾನಾಗೇ ಹತ್ತಿಕೊಂಡು ಬರುತ್ತದೆ. ದೀಪದ ಬತ್ತಿ ಎಣ್ಣೆ ಎಳೆಯುವುದೂ ಹೀಗೇ. ಈಗ ಸಿಲಿಕಾನ್ ಬಿಲ್ಲೆಯ ಮೇಲೆ 10 ಮೈಕ್ರೊಮೀಟರ್ ಅಗಲದ ಕಂಬಗಳನ್ನು ಸಾಲುಸಾಲಾಗಿ ನಿಲ್ಲಿಸಿದ್ದೀರಿ ಅನ್ನಿ. ಚಿಪ್ ಮಾಡುವ ವಿಧಾನದಲ್ಲೇ ಇದನ್ನು ಕೆತ್ತುತ್ತಾರೆ. ಅದರ ಒಂದು ಮೂಲೆಗೆ ಹನಿ ಮುಟ್ಟಿಸಿದರೆ ನೀರು ಕಂಬದಿಂದ ಕಂಬಕ್ಕೆ ಹಾರುತ್ತಾ ಕಾಡಿನ ತುಂಬ ಹರಡುತ್ತದೆ. ತಳವೇ ಬತ್ತಿಯಾಯಿತು.

ಗುಳ್ಳೆಯ ಕೆಳಗೆ ಬಿದ್ದ ಒಣ ಮಚ್ಚೆಯನ್ನು ಈಗ ನೆನಪಿಸಿಕೊಳ್ಳಿ. ನುಣುಪು ತಳದಲ್ಲಿ ಆ ಮಚ್ಚೆ ನೆನೆಯಬೇಕಾದರೆ ಗುಳ್ಳೆ ಹೋಗುವವರೆಗೂ ಕಾಯಬೇಕು. ಕಂಬಗಳ ತಳದಲ್ಲಿ ಕಾಯಬೇಕಿಲ್ಲ. ಗುಳ್ಳೆ ಮೇಲೆ ಕೂತಿರುವಾಗಲೇ ನೀರು ಅದರ ಅಡಿಯಿಂದ, ಕಂಬಗಳ ಬುಡದಲ್ಲಿ, ಪಕ್ಕದಿಂದ ನುಸುಳಿ ಬರುತ್ತದೆ. ಆವಿ ಮೇಲಿನ ಬಾಗಿಲಿನಿಂದ, ನೀರು ಕೆಳಗಿನ ಬಾಗಿಲಿನಿಂದ. 2012ರಲ್ಲಿ ಎಂಐಟಿಯ ಎವೆಲಿನ್ ವಾಂಗ್ ಅವರ ತಂಡ ಇಂಥ ಸಿಲಿಕಾನ್ ಕಂಬಗಳ ಮೇಲೆ ಚದರ ಸೆಂಟಿಮೀಟರಿಗೆ 200 ವ್ಯಾಟ್ ದಾಟಿತು. ಮುಂದಿನ ವರ್ಷ ಅದೇ ತಂಡ ತಾಮ್ರವನ್ನು ಬಿಸಿ ಕ್ಷಾರದ ದ್ರಾವಣದಲ್ಲಿ ಅದ್ದಿ, ಮೈತುಂಬ ಕಪ್ಪು ಆಕ್ಸೈಡಿನ ಸಣ್ಣ ಅಲಗುಗಳನ್ನು ಬೆಳೆಸಿ, ಸುಮಾರು 250ಕ್ಕೆ ಹೋಯಿತು.

ಹಾಗಿದ್ದರೆ ಕಂಬಗಳನ್ನು ಇನ್ನೂ ಹತ್ತಿರ ಹತ್ತಿರ, ಇನ್ನೂ ಸಣ್ಣದಾಗಿ ನಿಲ್ಲಿಸುತ್ತಾ ಹೋದರೆ ತುದಿ ಏರುತ್ತಲೇ ಹೋಗುತ್ತದಾ? ಇಲ್ಲ. 2015ರಲ್ಲಿ ಎಂಐಟಿಯಲ್ಲೇ ಧಿಲ್ಲೋನ್, ಬ್ವಾನ್‌ಜೋರ್ನೊ ಮತ್ತು ಕೃಪಾ ವಾರಣಾಸಿ ಇದನ್ನು ಅಳೆದು ತೋರಿಸಿದರು. ಕಂಬಗಳ ನಡುವೆ ಅಂತರ ಕಡಿಮೆ ಮಾಡುತ್ತಾ ಹೋದರೆ ತುದಿ ಏರುತ್ತದೆ, ಒಂದು ಕಡೆ ಶಿಖರ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ. ಕಾರಣ ಸ್ಟ್ರಾದಲ್ಲಿ ಹೀರುವವರಿಗೆಲ್ಲ ಗೊತ್ತು. ಸಂದು ಕಿರಿದಾದಷ್ಟೂ ನೀರನ್ನು ಎಳೆಯುವ ಬಲ ಜಾಸ್ತಿ, ನಿಜ. ಆದರೆ ಗೋಡೆಗೆ ಉಜ್ಜಿಕೊಂಡು ಹೋಗುವ ಕಷ್ಟ ಅದಕ್ಕಿಂತ ಬೇಗ ಏರುತ್ತದೆ. ಅಂತರ ಅರ್ಧ ಮಾಡಿದರೆ ಎಳೆತ ಎರಡು ಪಟ್ಟು, ತಡೆ ನಾಲ್ಕು ಪಟ್ಟು. ನೀರು ಬರುತ್ತದೆ, ಆದರೆ ತಡವಾಗಿ ಬರುತ್ತದೆ. ಒಣ ಮಚ್ಚೆ ಅಷ್ಟರಲ್ಲಿ ಕೈಮೀರಿ ಕಾದಿರುತ್ತದೆ.

ಇದು ಓಟದ ಪಂದ್ಯ ಅಂತ ತಿಳಿದ ಮೇಲೆ ಅಳೆಯುವ ಬಗೆಯೂ ಬದಲಾಯಿತು. 2014ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ತಂಡ ಬೇರೆ ಬೇರೆ ಬಗೆಯ ತಳಗಳನ್ನು ಮಾಡಿತು. ಅವುಗಳಲ್ಲಿ ಕೆಲವಕ್ಕೆ ಅಚ್ಚಾಗಿ ಬಳಸಿದ್ದು ಹೊಗೆಸೊಪ್ಪಿನ ಎಲೆಗೆ ರೋಗ ತರುವ ಮೊಸಾಯಿಕ್ ವೈರಸ್! ಅದು 300 ನ್ಯಾನೊಮೀಟರ್ ಉದ್ದದ ನೆಟ್ಟನೆಯ ಕಡ್ಡಿ. ಲೋಹದ ಮೇಲೆ ಹುಲ್ಲಿನ ಹಾಗೆ ನಿಂತುಕೊಳ್ಳುತ್ತದೆ, ಮೇಲೆ ನಿಕಲ್ ಲೇಪಿಸಿದರೆ ಲೋಹದ ಹುಲ್ಲುಗಾವಲು ತಯಾರು. ಆಮೇಲೆ ಆ ತಂಡ ಒಂದು ಸಾದಾ ಕೆಲಸ ಮಾಡಿತು. ನೀರು ತುಂಬಿದ ಸಪೂರ ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ತಳ ಎಷ್ಟು ವೇಗವಾಗಿ ನೀರು ಕುಡಿಯುತ್ತದೆ ಅಂತ ನೋಡಿತು. ಕುಡಿಯುವ ವೇಗಕ್ಕೂ ಸಿಎಚ್‌ಎಫ್‌ಗೂ ನೇರ ಗೆರೆ ಬಂತು. ತಳ ಯಾವುದರಿಂದ ಮಾಡಿದ್ದು, ಕೆತ್ತನೆ ಎಂಥದ್ದು ಅನ್ನುವುದಕ್ಕಿಂತ ಎಷ್ಟು ಬೇಗ ಕುಡಿಯುತ್ತದೆ ಅನ್ನುವುದೇ ಮುಖ್ಯವಾಯಿತು. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಅತಿ ಸ್ಪಷ್ಟವಾದ ಫಲಿತಾಂಶ ಇದೇ.

ಎರಡೂ ಬೇಕು ಅಂದರೆ

ಈಗ ಮೊದಲು ಹೇಳಿದ ತಾಪತ್ರಯಕ್ಕೆ ಬರೋಣ. ಚೆನ್ನಾಗಿ ನೀರು ಕುಡಿಯುವ ತಳ ಗುಂಡಿಗಳನ್ನೂ ನೀರಿನಿಂದ ತುಂಬಿಸಿಬಿಡುತ್ತದೆ. ಗುಳ್ಳೆ ಹುಟ್ಟುವುದು ತಡವಾಗುತ್ತದೆ. ತುದಿ ಏರಿತು, ಆದರೆ ಕುದಿಸಲು ಜಾಸ್ತಿ ಬಿಸಿ ಬೇಕಾಯಿತು. ಉಲ್ಟಾ ಮಾಡಿ, ನೀರು ಹತ್ತದ ಲೇಪ ಹಚ್ಚಿದರೆ ಗುಳ್ಳೆ ಬಹಳ ಬೇಗ ಹುಟ್ಟುತ್ತದೆ, ಅಷ್ಟೇ ಬೇಗ ಅವೆಲ್ಲ ಕೂಡಿಕೊಂಡು ಹೊದಿಕೆ ಕಟ್ಟುತ್ತವೆ.

ಇದಕ್ಕೆ ಪರಿಹಾರ ಜಾಗ ಹಂಚುವುದು. 2010ರಲ್ಲಿ ಅಮೀ ಬೆಟ್ಜ್ ಮತ್ತು ಜೊತೆಗಾರರು ನೀರು ಹರಡಿಕೊಳ್ಳುವ ತಳದ ಮೇಲೆ ನೀರು ಹತ್ತದ ಚುಕ್ಕೆಗಳನ್ನು ಇಟ್ಟರು. ಚುಕ್ಕೆಯಲ್ಲಿ ಗುಳ್ಳೆ ಹುಟ್ಟಲಿ, ಉಳಿದ ಜಾಗದಲ್ಲಿ ನೀರು ಬರಲಿ. ತುದಿಯೂ ಏರಿತು, ಕುದಿಸಲು ಬೇಕಾದ ಬಿಸಿಯೂ ಇಳಿಯಿತು. 2022ರಲ್ಲಿ ಎಂಐಟಿಯವರು ಇದನ್ನೇ ಮೂರು ಅಂತಸ್ತಿನಲ್ಲಿ ಮಾಡಿದರು. ಸುಮಾರು 10 ಮೈಕ್ರೊಮೀಟರ್ ಅಗಲದ ಗುಂಡಿಗಳನ್ನು ಸುಮಾರು 2 ಮಿಲಿಮೀಟರ್ ದೂರ ದೂರ ಇಟ್ಟು ಗುಳ್ಳೆಗಳು ಕೂಡಿಕೊಳ್ಳದ ಹಾಗೆ ನೋಡಿಕೊಂಡರು. ಆ ಗುಂಡಿಗಳನ್ನು ಕಂಬಗಳ ನಡುವೆ ಕೊರೆದು, ಕಂಬಗಳಿಂದ ನೀರು ಮೇಲೇರುವಂತೆ ಮಾಡಿದರು. ಎಲ್ಲದರ ಮೇಲೂ ನ್ಯಾನೊ ಅಳತೆಯ ಒರಟು.

ಸತೀಶ್ ಕಾಂಡ್ಲಿಕರ್ 2013ರಲ್ಲಿ ಹಿಡಿದ ದಾರಿ ಬೇರೆ. ರೋಚೆಸ್ಟರ್ ತಾಂತ್ರಿಕ ಸಂಸ್ಥೆಯ ಅವರು ಗುಳ್ಳೆಗೆ ಒಂದು ಬದಿಯಿಂದ ಒದೆ ಕೊಡಿಸಿದರು. ಗುಳ್ಳೆಯ ಒಂದು ಅಂಚಿನಲ್ಲಿ ನೀರು ಜೋರಾಗಿ ಆವಿಯಾದರೆ, ಚಿಮ್ಮುವ ಆವಿಯ ಹಿಮ್ಮೊಗದ ತಳ್ಳು ಆ ಅಂಚನ್ನು ದೂಡುತ್ತದೆ. ತಾಮ್ರದ ಏಣಿನ ಆಕಾರವನ್ನು ಅದಕ್ಕೆ ಹೊಂದಿಸಿದಾಗ ಗುಳ್ಳೆ ಒಂದು ದಾರಿ, ನೀರು ಇನ್ನೊಂದು ದಾರಿ ಹಿಡಿದವು. ಚದರ ಸೆಂಟಿಮೀಟರಿಗೆ 300 ವ್ಯಾಟ್ ಹೋಗುವಾಗಲೂ ಲೋಹ 100ಕ್ಕಿಂತ ಸುಮಾರು 5 ಡಿಗ್ರಿ ಮಾತ್ರ ಮೇಲಿತ್ತು. ನುಣುಪು ತಳ ಅದರ ಮೂರನೇ ಒಂದು ಭಾಗದ ಶಾಖಕ್ಕೆ 30 ಡಿಗ್ರಿ ಕೇಳುತ್ತದೆ ಅನ್ನುವುದನ್ನು ನೆನಪಿಟ್ಟರೆ ಇದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ.

ಗೆರೆ ದಾಟಿ ಹೊದಿಕೆ ಕಟ್ಟಿದ ಮೇಲೂ ಏನಾದರೂ ಮಾಡಬಹುದಾ? ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದರೆ ಹನಿ ಆವಿಯ ಮೇಲೆ ತೇಲುತ್ತಾ ಓಡಾಡುತ್ತದಲ್ಲ, ಅದೇ ಸ್ಥಿತಿ ಅದು. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಕೆಂಪಗೆ ಕಾದ ಚಮಚದಲ್ಲಿ ಇದನ್ನು ನೋಡಿ ಬರೆದಿಟ್ಟಿದ್ದರು. 2022ರಲ್ಲಿ ಹಾಂಕಾಂಗಿನ ಸಂಶೋಧಕರು ಉಕ್ಕಿನ ಸಣ್ಣ ಕಂಬಗಳ ನಡುವೆ ಶಾಖ ಹೋಗದ, ನೀರು ಹೀರುವ ಹೊದಿಕೆ ಇಟ್ಟು, ಅದರ ಕೆಳಗೆ ಆವಿ ತಪ್ಪಿಸಿಕೊಳ್ಳಲು ಕಾಲುವೆ ಬಿಟ್ಟರು. 1000 ಡಿಗ್ರಿ ದಾಟಿದರೂ ಹನಿ ತೇಲಲಿಲ್ಲ, ಹರಡಿ ಕುದಿಯಿತು. ಇಲ್ಲೂ ಅದೇ ಎರಡು ಬಾಗಿಲಿನ ಲೆಕ್ಕ.

ಲ್ಯಾಬಿನ ದಾಖಲೆ, ಕಾರ್ಖಾನೆಯ ಸತ್ಯ

ದಾಖಲೆಯ ಅಂಕಿಗಳನ್ನು ನಾನು ಸ್ವಲ್ಪ ಅನುಮಾನದಿಂದಲೇ ಓದುತ್ತೇನೆ. ಒಂದು ಕಾರಣ ಹೀಟರಿನ ಗಾತ್ರ. ಜೂಬರ್ ಹೇಳಿದ ಆವಿ ಕಂಬಗಳ ಅಲೆಯಳತೆ ನೀರಿನಲ್ಲಿ ಸುಮಾರು ಒಂದೂವರೆ ಸೆಂಟಿಮೀಟರ್. ಲ್ಯಾಬಿನ ಹೀಟರ್ ಎಷ್ಟೋ ಸಲ ಒಂದು ಸೆಂಟಿಮೀಟರ್ ಮಾತ್ರ. ಅಷ್ಟು ಚಿಕ್ಕ ತುಂಡಿಗೆ ನಾಲ್ಕೂ ಬದಿಯಿಂದ ನೀರು ಪುಕ್ಕಟೆ ಬರುತ್ತದೆ. ಮಾರುದ್ದದ ಕೊಳವೆಗೆ ಆ ಸೌಕರ್ಯ ಇಲ್ಲ. ರಿಯಾಕ್ಟರಿನಲ್ಲಂತೂ ನೀರು ನಿಂತಿರುವುದಿಲ್ಲ, ರಭಸವಾಗಿ ಹರಿಯುತ್ತಿರುತ್ತದೆ, ಒತ್ತಡವೂ ಹಲವು ರಿಯಾಕ್ಟರುಗಳಲ್ಲಿ ವಾತಾವರಣದ 150 ಪಟ್ಟಿನ ಸುಮಾರು. ಅಲ್ಲಿ ಗುಳ್ಳೆಯ ಅಳತೆಯೇ ಬೇರೆ.

ಇನ್ನೊಂದು ಕಾರಣ ಆಯಸ್ಸು. ನೀರಿನಲ್ಲಿ ಕರಗಿದ ಲವಣ ಆವಿಯಾಗುವುದಿಲ್ಲ, ತಳದಲ್ಲೇ ಉಳಿಯುತ್ತದೆ. 10 ಮೈಕ್ರೊಮೀಟರ್ ಸಂದು ಮುಚ್ಚಿಹೋಗಲು ಎಷ್ಟು ಹೊತ್ತು? ಆಕ್ಸೈಡಿನ ಅಲಗುಗಳು ಸಾವಿರಾರು ಗಂಟೆಯ ಕುದಿತಕ್ಕೆ ಮೊಂಡಾಗುವುದಿಲ್ಲವೇ? 1931ರ ಇಬ್ಬರು ಎಡವಿದ ಕಲ್ಲು ಇನ್ನೂ ದಾರಿಯಲ್ಲೇ ಇದೆ. ಏಸಿ ಯಂತ್ರದ ಕೊಳವೆಗಳು ಗೆದ್ದದ್ದು ಅಲ್ಲಿ ಓಡಾಡುವುದು ಮುಚ್ಚಿದ ವ್ಯವಸ್ಥೆಯ ಚೊಕ್ಕ ದ್ರವ ಆಗಿರುವುದರಿಂದ.

ಕಂಪ್ಯೂಟರ್ ಚಿಪ್ಪುಗಳ ಕಥೆ ನಡುವಿನದು. ವಿದ್ಯುತ್ ಹರಿಯುವ ಚಿಪ್ಪನ್ನು ನೇರ ನೀರಿನಲ್ಲಿ ಮುಳುಗಿಸುವಂತಿಲ್ಲ. ವಿದ್ಯುತ್ ಹರಿಯದ ಫ್ಲೋರಿನ್ ದ್ರವಗಳು ಬೇಕು. ಅಂಥ ಒಂದು ದ್ರವವಾದ ಎಫ್‌ಸಿ-72 ಕುದಿಯುವುದು 56 ಡಿಗ್ರಿಗೇ, ಅದು ಅನುಕೂಲ. ಆದರೆ ಅದರ ತುದಿ ನುಣುಪು ತಳದಲ್ಲಿ ಚದರ ಸೆಂಟಿಮೀಟರಿಗೆ 20 ವ್ಯಾಟಿನ ಒಳಗೇ. ಮೇಲಾಗಿ ಆ ದ್ರವ ಯಾವ ತಳವನ್ನೂ ಬಿಡದೆ ನೆನೆಸುತ್ತದೆ, ಬಾಯಿ ತೆರೆದ ಗುಂಡಿಗಳನ್ನೆಲ್ಲ ತುಂಬಿಬಿಡುತ್ತದೆ. ಇಲ್ಲಿ ಬತ್ತಿಗಿಂತ ಕೊಡದಾಕಾರದ ಗುಂಡಿಗೆ ಬೆಲೆ ಜಾಸ್ತಿ. ಒಂದು ದ್ರವಕ್ಕೆ ಒಗ್ಗಿದ ಕೆತ್ತನೆ ಇನ್ನೊಂದಕ್ಕೆ ಒಗ್ಗುವುದಿಲ್ಲ.

ಇದನ್ನೆಲ್ಲ ಕಣ್ಣಾರೆ ನೋಡುವ ಒಂದು ಉಪಾಯ ಇದೆ. ನೀಲಮಣಿಯ ತೆಳು ಹಲಗೆಯ ಮೇಲೆ ವಿದ್ಯುತ್ ಹರಿಯುವ ಅತಿ ತೆಳು ಪೊರೆ ಹಚ್ಚಿ ಅದನ್ನೇ ಹೀಟರ್ ಮಾಡುತ್ತಾರೆ. ಕೆಳಗಿನಿಂದ ಶಾಖ ನೋಡುವ ವೇಗದ ಕ್ಯಾಮೆರಾ. ಪರದೆಯ ಮೇಲೆ ತಳ ಮಳೆ ಬೀಳುತ್ತಿರುವ ಕೆರೆಯ ಹಾಗೆ ಕಾಣುತ್ತದೆ. ಒಣಗಿದ ಕಡೆ ಒಂದು ಬೆಳ್ಳನೆಯ ಮಚ್ಚೆ ಮೂಡುತ್ತದೆ, ನೀರು ಬಂದು ಮುಟ್ಟಿದಾಗ ಕಪ್ಪಾಗಿ ಮಾಯವಾಗುತ್ತದೆ. ಶಾಖ ಏರಿಸಿದಷ್ಟೂ ಮಚ್ಚೆಗಳು ಜಾಸ್ತಿ, ಆದರೂ ಎಲ್ಲವೂ ಬರುತ್ತವೆ, ಹೋಗುತ್ತವೆ. ಗೆರೆ ಹತ್ತಿರವಾದಾಗ ಅವುಗಳಲ್ಲಿ ಒಂದು ಮಾತ್ರ ಕಪ್ಪಾಗುವುದಿಲ್ಲ. ಅದರ ಅಂಚು ನಿಧಾನಕ್ಕೆ ಸುತ್ತಲೂ ಸರಿಯತೊಡಗುತ್ತದೆ. ಆಗ ಸ್ವಿಚ್ ಆಫ್ ಮಾಡಲು ಸಿಗುವುದು ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತು.